ನರ್ಸಿಂಗ್ ಬೋಧಕರು: ಲೆಕ್ಕದಲ್ಲಿ 24 ಜನ, ವಾರ್ಡಿನಲ್ಲಿ ಎಷ್ಟು? (ಆನ್‌ಲೈನ್ ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಹೆಸರು)

ರೊಟೇಶನ್ ಪ್ಲ್ಯಾನ್ (ಮಂಗಳೂರು)

ನರ್ಸಿಂಗ್ ಕಾಲೇಜುಗಳಲ್ಲಿ ಬೋಧಕರ ಕೊರತೆ ಅಂತ ಮಾತು ಎದ್ದರೆ ಚರ್ಚೆ ಸೀದಾ ಸಂಬಳಕ್ಕೆ ಹೋಗಿ ಕೂತುಬಿಡ್ತದೆ. ಸಂಬಳದ ಮಾತು ಆಮೇಲೆ ಬರಲಿ. ಮೊದಲು ಗಂಟೆಯ ಲೆಕ್ಕ ಹಾಕುವ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಬಿಎಸ್ಸಿ ಪಠ್ಯಕ್ರಮ 2021ರಲ್ಲಿ ಗೆಜೆಟ್ ಆದ ಮೇಲೆ ವಾರ್ಷಿಕ ಪದ್ಧತಿ ಹೋಗಿ 8 ಸೆಮಿಸ್ಟರ್ ಬಂತು. ಒಂದು ಸೆಮಿಸ್ಟರ್ ಅಂದರೆ 20 ವಾರ, ವಾರಕ್ಕೆ 40 ಗಂಟೆ. ಥಿಯರಿಯ ಒಂದು ಕ್ರೆಡಿಟ್‌ಗೆ ವಾರಕ್ಕೆ 1 ಗಂಟೆ, ಲ್ಯಾಬ್‌ಗೆ 2, ಕ್ಲಿನಿಕಲ್‌ಗೆ 4. ಮೂರನೇ ಸೆಮಿಸ್ಟರ್‌ನ ಅಡಲ್ಟ್ ಹೆಲ್ತ್ ನರ್ಸಿಂಗ್ ಒಂದೇ ವಿಷಯ ತಗೊಳ್ಳಿ: ಥಿಯರಿ 140 ಗಂಟೆ, ಲ್ಯಾಬ್ 40, ಕ್ಲಿನಿಕಲ್ 480. ಅಂದರೆ ವಾರಕ್ಕೆ 24 ಗಂಟೆ ವಾರ್ಡಿನಲ್ಲೇ.

60 ಮಕ್ಕಳ ಬ್ಯಾಚಿಗೆ 1:10ರ ಪ್ರಕಾರ ಆರು ಗುಂಪು, ಆರು ಬೋಧಕರು. ಆರು ಜನ, ತಲಾ 24 ಗಂಟೆ. ಒಂದು ಬ್ಯಾಚಿನ ಒಂದು ವಿಷಯದ ವಾರ್ಡ್ ಕೆಲಸಕ್ಕೇ ವಾರಕ್ಕೆ 144 ಬೋಧಕ-ಗಂಟೆ. ನಾಲ್ಕು ವರ್ಷ ಸೇರಿ 240 ಮಕ್ಕಳು, ಕಾಗದದಲ್ಲಿ 24 ಬೋಧಕರು. ಅದರಲ್ಲಿ ಪ್ರಿನ್ಸಿಪಾಲ್, ವೈಸ್ ಪ್ರಿನ್ಸಿಪಾಲ್ ಕಳೆಯಿರಿ. ಬೇರೆ ಕಾಲೇಜಿಗೆ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಆಗಿ ಹೋದವರನ್ನು, ಉತ್ತರ ಪತ್ರಿಕೆ ತಿದ್ದಲು ಹೋದವರನ್ನು ಕಳೆಯಿರಿ. ಹೆರಿಗೆ ರಜೆಯಲ್ಲಿ ಇರುವವರನ್ನೂ ಕಳೆಯಿರಿ. ಕಾಯ್ದೆಯ ಪ್ರಕಾರ ರಜೆ 26 ವಾರ, ಸೆಮಿಸ್ಟರ್ 20 ವಾರ. ಒಬ್ಬರು ರಜೆ ಹಾಕಿದರೆ ಒಂದಿಡೀ ಸೆಮಿಸ್ಟರ್ ಅವರ ಗುಂಪಿಗೆ ದಿಕ್ಕಿಲ್ಲ. ಬೋಧಕರಲ್ಲಿ ಹೆಚ್ಚಿನವರು ಹೆಂಗಸರೇ ಇರುವ ಕ್ಷೇತ್ರದಲ್ಲಿ ಇದು ಮೊದಲೇ ಗೊತ್ತಿರುವ ಸಂಗತಿ. ಆದರೂ ಬದಲಿ ವ್ಯವಸ್ಥೆ ಯಾವ ಪ್ಲ್ಯಾನಿನಲ್ಲೂ ಕಾಣುವುದಿಲ್ಲ.

ಇದರ ಮೇಲೆ ಎಂಟನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ಗಂಟೆ, ಒಟ್ಟು 1056. ಮೂರು ಪಾಳಿ. ರಾತ್ರಿ ಪಾಳಿಗೆ ಬೋಧಕರು ಯಾರು?

"ಜನ ತಗೊಳ್ಳಬೇಕು" ಅನ್ನುವುದನ್ನು ಬಿಟ್ಟು, ಇರುವ ಜನರಲ್ಲಿ ಹೇಗೆ ಹಂಚುತ್ತೀರಿ ಅಂತ ಹೇಳಿ.

ಕರಾವಳಿ ಟ್ಯೂಟರ್

ದಿನಕ್ಕೆ ಐದು ಗಂಟೆಯಂತೆ ಹಂಚುವುದೇ ಮೊದಲ ತಪ್ಪು. 8ರಿಂದ 1ರವರೆಗೆ ವಾರ್ಡ್ ಅಂದರೆ ಹ್ಯಾಂಡ್‌ಓವರ್ (ಹಿಂದಿನ ಪಾಳಿಯವರು ರೋಗಿಗಳನ್ನು ಒಪ್ಪಿಸುವುದು) ಮುಗಿಯುವಾಗ ಎಂಟೂವರೆ, ನಡುವೆ ಚಾ, ಹನ್ನೆರಡೂವರೆಗೆ ಬಸ್ಸಿಗೆ ಅವಸರ. ಕೈಗೆ ಸಿಗುವುದು ಮೂರೂವರೆ ಗಂಟೆ. ಅದರ ಬದಲು ಸೋಮವಾರದಿಂದ ಗುರುವಾರ 8ರಿಂದ 2, ನಾಲ್ಕು ದಿನಕ್ಕೆ 24 ಗಂಟೆ ಆಯ್ತು. ಶುಕ್ರ, ಶನಿ ತಲಾ 8 ಗಂಟೆ ತರಗತಿ ಮತ್ತು ಲ್ಯಾಬ್. ಮೂರನೇ ಸೆಮಿಸ್ಟರ್‌ಗೆ ಇದು ಸರಿಯಾಗಿ ಕೂರ್ತದೆ: ಅಡಲ್ಟ್ ಹೆಲ್ತ್, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಸೇರಿ ಥಿಯರಿ ವಾರಕ್ಕೆ 10 ಗಂಟೆ, ಲ್ಯಾಬ್ 4. ಉಳಿದ ಎರಡು ಗಂಟೆ ಲೈಬ್ರರಿಗೆ.

ಒಂದು ತೊಂದರೆ ಉಂಟು. ಎಂಟು ಗಂಟೆ ತರಗತಿಯ ದಿನ ಮಧ್ಯಾಹ್ನ ಊಟದ ಮೇಲೆ ಫಾರ್ಮಕಾಲಜಿ ಇಟ್ಟರೆ ಯಾರ ತಲೆಗೂ ಇಳಿಯುವುದಿಲ್ಲ. ಲ್ಯಾಬನ್ನು ಮಧ್ಯಾಹ್ನಕ್ಕೆ ಹಾಕಿ.

ವಾರ್ಡ್ ಇನ್‌ಚಾರ್ಜ್

ಆಸ್ಪತ್ರೆ ಕಡೆಯಿಂದ ಹೇಳ್ತೇನೆ. ನೀವು ನಿಮ್ಮ ಟೈಮ್‌ಟೇಬಲ್ ಮಾತ್ರ ನೋಡ್ತೀರಿ. ಸರಕಾರಿ ಆಸ್ಪತ್ರೆಯ 30 ಹಾಸಿಗೆಯ ಒಂದು ವಾರ್ಡಿಗೆ ಒಂದೇ ಬೆಳಿಗ್ಗೆ ಎರಡು-ಮೂರು ಕಾಲೇಜಿನ ಬಿಎಸ್ಸಿಯವರು, ಜೊತೆಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವವರು. ಒಬ್ಬರೇ ರೋಗಿಗೆ ಹತ್ತು ಗಂಟೆಯೊಳಗೆ ನಾಲ್ಕನೇ ಸಲ ಬಿಪಿ ನೋಡಿದರೆ ಅವರು ಕೈ ಎಳೆದುಕೊಳ್ಳದೆ ಎಂತ ಮಾಡ್ತಾರೆ?

ಕಾಲೇಜಿನವರು ಮಾಡಬಹುದಾದ ಕೆಲಸ ಸಣ್ಣದು. ಪೋಸ್ಟಿಂಗ್ ಶುರುವಾಗುವ ಒಂದು ತಿಂಗಳ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟರ ಹತ್ತಿರ ಎಲ್ಲ ಕಾಲೇಜುಗಳ ಕ್ಲಿನಿಕಲ್ ಕೋಆರ್ಡಿನೇಟರ್‌ಗಳು ಒಂದೇ ಕ್ಯಾಲೆಂಡರ್ ಮುಂದೆ ಕೂರಬೇಕು. ಒಂದು ವಾರ್ಡಿಗೆ ಒಂದು ಪಾಳಿಯಲ್ಲಿ ಗರಿಷ್ಠ ಎಷ್ಟು ಮಕ್ಕಳು ಅಂತ ಬರೆದು ಸಹಿ ಹಾಕಬೇಕು. ಎರಡನೆಯದು, ಡ್ಯೂಟಿ ರೂಮಿನ ಬೋರ್ಡಿಗೆ ಒಂದು ಹಾಳೆ ಅಂಟಿಸಿ: ಈ ಗುಂಪು ಯಾವ ಸೆಮಿಸ್ಟರ್, ಏನು ಮಾಡಬಹುದು, ಏನು ಮುಟ್ಟಬಾರದು, ಬೋಧಕರ ಫೋನ್ ನಂಬರ್. ಅದು ಇಲ್ಲದಿದ್ದರೆ ಸ್ಟಾಫ್ ನರ್ಸ್ ಎರಡರಲ್ಲಿ ಒಂದು ಮಾಡ್ತಾರೆ. ಎಲ್ಲರಿಗೂ ಬೆಡ್ ಮೇಕಿಂಗ್ ಕೊಡ್ತಾರೆ, ಇಲ್ಲವೇ ಕೆಲಸ ಜಾಸ್ತಿ ಇದ್ದ ದಿನ ಮಾಡಬಾರದ್ದನ್ನೂ ಮಾಡಿಸ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲಿಗೆ ವಿದ್ಯಾರ್ಥಿ ಕೈ ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ನಿಂತ ಹುಡುಗಿ ಎರಡನೇ ಸೆಮಿಸ್ಟರಾ, ಇಂಟರ್ನಾ ಅಂತ ಯೂನಿಫಾರ್ಮ್ ನೋಡಿ ಗೊತ್ತಾಗುವುದಿಲ್ಲ.

ರೊಟೇಶನ್ ಪ್ಲ್ಯಾನ್ (ಮಂಗಳೂರು)

ಸಿಸ್ಟರ್, ಆ ಹಾಳೆಯ ಐಡಿಯಾ ಒಳ್ಳೆಯದು. ಬೋಧಕರು ವಾರ್ಡಿನಲ್ಲಿ ಇದ್ದೂ ಕಲಿಸುವುದಕ್ಕೆ ಆಗದ ಸ್ಥಿತಿಯ ಬಗ್ಗೆ ಯಾರಾದರೂ ಬರೆಯಿರಿ. ಇಂಜೆಕ್ಷನ್ ಸಮಯವೇ ದೊಡ್ಡ ತಲೆನೋವು.

ಕರಾವಳಿ ಟ್ಯೂಟರ್

ಇಂಜೆಕ್ಷನ್ ಲೆಕ್ಕ ಹೀಗೆ. ಒಬ್ಬ ವಿದ್ಯಾರ್ಥಿ ಚಾರ್ಟ್ ಓದಿ, ರೋಗಿಯ ಹೆಸರು ಮತ್ತು ಐಪಿ (ಒಳರೋಗಿ) ನಂಬರ್ ತಾಳೆ ನೋಡಿ, ಡೋಸ್ ಲೆಕ್ಕ ಹಾಕಿ, ಔಷಧ ಎಳೆದು, ಕೊಟ್ಟು, ಬರೆದು ಮುಗಿಸಲು ಬೋಧಕರ ಕಣ್ಣೆದುರು 10 ನಿಮಿಷ ಬೇಕು. ಹತ್ತು ಜನಕ್ಕೆ 100 ನಿಮಿಷ. ಬೆಳಗಿನ ಔಷಧಕ್ಕೆ ವಾರ್ಡಿನಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಹತ್ತೂ ಜನಕ್ಕೆ ಮಾಡಿಸಲು ಹೋದರೆ ಬೋಧಕರು ಟ್ರಾಲಿಯ ಹತ್ತಿರ ನಿಂತು "ಹೂಂ, ಕೊಡು, ನೆಕ್ಸ್ಟ್" ಅನ್ನುತ್ತಾರೆ. ಅಲ್ಲಿ ಕಲಿಕೆಯೂ ಇಲ್ಲ, ಸುರಕ್ಷತೆಯೂ ಇಲ್ಲ.

ದಿನಕ್ಕೆ ಇಬ್ಬರು ಮಾತ್ರ ಔಷಧದವರು, ತಲಾ ಮೂರು ರೋಗಿಗಳು. ಉಳಿದ ಎಂಟು ಜನಕ್ಕೆ ಅಸೆಸ್‌ಮೆಂಟ್, ಕೇರ್, ಡ್ರೆಸ್ಸಿಂಗಿಗೆ ಸಹಾಯ. ಐದು ದಿನಕ್ಕೊಮ್ಮೆ ಸರದಿ ತಿರುಗ್ತದೆ. ವಾರಕ್ಕೆ ನಾಲ್ಕು ದಿನದಂತೆ ಸೆಮಿಸ್ಟರಿಗೆ 80 ವಾರ್ಡ್ ದಿನ, ಒಬ್ಬರಿಗೆ 16 ಸರದಿ. ಕಡಿಮೆ ಅನ್ನಿಸಬಹುದು, ಆದರೆ ಹದಿನಾರೂ ಪೂರ್ತಿ ನೋಡಿದ ಸರದಿ.

ಪ್ರೀ-ಕಾನ್ಫರೆನ್ಸ್ (ಕೆಲಸಕ್ಕೆ ಮೊದಲಿನ ಮಾತು) 15 ನಿಮಿಷ, ಅದೂ ನಿಂತುಕೊಂಡೇ: ನಿನ್ನ ರೋಗಿ ಯಾರು, ಇವತ್ತು ಏನು ಅಪಾಯ ಆಗಬಹುದು, ಮೊದಲು ಏನು ನೋಡ್ತೀ. ಪೋಸ್ಟ್-ಕಾನ್ಫರೆನ್ಸ್ ಅರ್ಧ ಗಂಟೆ, ಒಂದೇ ರೋಗಿಯ ಮೇಲೆ. ಹತ್ತು ಕೇಸು ಓದಿಸಬೇಡಿ.

ಲಾಗ್‌ಬುಕ್ಕಿಗೆ ಅದೇ ದಿನ ಸಹಿ. ನೋಡಿದ್ದು, ಸಹಾಯ ಮಾಡಿದ್ದು, ತಾನೇ ಮಾಡಿದ್ದು ಅಂತ ಮೂರು ಬೇರೆ ಗುರುತು. ಮೂರು ದಿನ ದಾಟಿದ ಎಂಟ್ರಿಗೆ ಸಹಿ ಇಲ್ಲ ಅಂತ ಮೊದಲ ವಾರವೇ ಹೇಳಿಬಿಡಿ. ಸೆಮಿಸ್ಟರ್ ಕೊನೆಗೆ 60 ಪುಸ್ತಕ ರಾಶಿ ಹಾಕಿ ಸಹಿ ಹೊಡೆಯುವುದು ಎಲ್ಲ ಕಡೆ ಇರುವ ರೋಗ. ಅಂಥ ಸಹಿಗೆ ಮೂರು ಕಾಸಿನ ಬೆಲೆ ಇಲ್ಲ.

ಉಡುಪಿ ಸ್ಕಿಲ್‌ಲ್ಯಾಬ್

ವಾರ್ಡಿನ ಒತ್ತಡವನ್ನು ಸಿಮ್ಯುಲೇಶನ್‌ಗೆ (ಮ್ಯಾನಿಕಿನ್, ಅಂದರೆ ಗೊಂಬೆ-ರೋಗಿಯ ಮೇಲಿನ ಅಭ್ಯಾಸಕ್ಕೆ) ತಳ್ಳಿದರೆ ಬೋಧಕರ ಸಮಯ ಉಳಿತದೆ ಅಂತ ಆಡಳಿತ ಮಂಡಳಿಗಳು ನಂಬಿವೆ. ಉಲ್ಟಾ. ಆರು ಜನರ ಗುಂಪಿಗೆ ಪ್ರೀ-ಬ್ರೀಫ್ 10 ನಿಮಿಷ, ಸನ್ನಿವೇಶ 15, ಡಿಬ್ರೀಫ್ (ಮುಗಿದ ಮೇಲಿನ ಚರ್ಚೆ) 30, ಮತ್ತೆ ಜೋಡಿಸಲು 10. ಒಟ್ಟು 65. ಹತ್ತು ಗುಂಪಿಗೆ 650 ನಿಮಿಷ, ಸುಮಾರು 11 ಗಂಟೆ. ಮ್ಯಾನಿಕಿನ್ ನಡೆಸಲು ಒಬ್ಬರು, ನೋಡಿ ಡಿಬ್ರೀಫ್ ಮಾಡಲು ಇನ್ನೊಬ್ಬರು. ಒಂದೇ ಸನ್ನಿವೇಶಕ್ಕೆ 22 ಬೋಧಕ-ಗಂಟೆ. ಸಮಯ ಇಲ್ಲ ಅಂತ ಮೊದಲು ಕತ್ತರಿ ಬೀಳುವುದು ಡಿಬ್ರೀಫಿಗೆ, ಮಕ್ಕಳು ಕಲಿಯುವುದು ಮಾತ್ರ ಅಲ್ಲೇ. ಸೆಮಿಸ್ಟರಿಗೆ ಎರಡು ಸನ್ನಿವೇಶ ಸಾಕು, ಪೂರ್ತಿ ಮಾಡಿ.

ಇನ್ನು ನಮ್ಮ ಮಳೆಗಾಲ. ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ ಮ್ಯಾನಿಕಿನ್‌ಗೆ ಆಗದು. ಐವಿ ಆರ್ಮ್‌ನ (ಡ್ರಿಪ್ ಹಾಕಿ ಕಲಿಯುವ ಗೊಂಬೆ ಕೈಯ) ಟ್ಯೂಬಿನಲ್ಲಿ ಕೆಂಪು ನೀರು ಹಾಗೇ ಬಿಟ್ಟರೆ ಕೆಲವೇ ದಿನದಲ್ಲಿ ಬೂಸಲು. ಅಭ್ಯಾಸ ಮುಗಿದ ಕೂಡಲೇ ನೀರು ಹಾಯಿಸಿ, ಆಮೇಲೆ ಸಿರಿಂಜಿನಲ್ಲಿ ಗಾಳಿ ತಳ್ಳಿ, ಎರಡೂ ತುದಿ ಕೆಳಗೆ ಬರುವ ಹಾಗೆ ತೂಗುಹಾಕಿ. ಎಲೆಕ್ಟ್ರಾನಿಕ್ ಮ್ಯಾನಿಕಿನ್‌ನ ಬ್ಯಾಟರಿ ರಜೆಗೆ ಮೊದಲು ತೆಗೆದಿಡಿ, ಇಲ್ಲದಿದ್ದರೆ ಟರ್ಮಿನಲ್ಲಿಗೆ ಹಸಿರು ಕಟ್ತದೆ. ಪೇಪರಿನಲ್ಲಿ ಸುತ್ತಿಡಬೇಡಿ, ಶಾಯಿ ವಿನೈಲಿಗೆ ಇಳಿದರೆ ಹೋಗುವುದಿಲ್ಲ. ಬಾಲ್‌ಪೆನ್ನಿನಲ್ಲಿ ಇಂಜೆಕ್ಷನ್ ಜಾಗ ಗುರುತು ಮಾಡುವುದು, ಪೊವಿಡೋನ್ ಅಯೋಡಿನ್ ಹಚ್ಚುವುದು ಎರಡೂ ಅದೇ ಕಥೆ. ಒರೆಸುವ ಹೆಜ್ಜೆ ತೋರಿಸಲು ಒದ್ದೆ ಹತ್ತಿ ಸಾಕು.

ಕ್ಯಾನ್ಯುಲಾ ಅಭ್ಯಾಸಕ್ಕೆ 18ರ ಬದಲು 22 ಗೇಜ್ (ಇನ್ನೂ ಸಪೂರದ ಸೂಜಿ) ಕೊಡಿ, ಚುಚ್ಚುವ ಜಾಗ ಬದಲಿಸ್ತಾ ಇರಿ, ಟ್ಯೂಬ್ ಹೆಚ್ಚು ಬಾಳ್ತದೆ. ಸೋರಲು ಶುರುವಾದರೆ ಪೂರ್ತಿ ಆರ್ಮ್ ತರಿಸಬೇಕಾಗಿಲ್ಲ. ಹೊರ ವ್ಯಾಸ ಸರಿಹೊಂದುವ ಲೇಟೆಕ್ಸ್ ಟ್ಯೂಬ್ ಸರ್ಜಿಕಲ್ ಅಂಗಡಿಯಲ್ಲೇ ಸಿಗ್ತದೆ.

ಪರೀಕ್ಷಾ ಕೆಲಸ

ಆಸ್ಕಿ (OSCE, ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋಗಿ ಕೊಡುವ ಪ್ರಾಕ್ಟಿಕಲ್ ಪರೀಕ್ಷೆ) ಬಗ್ಗೆಯೂ ಇದೇ ಗಂಟೆಯ ಲೆಕ್ಕ ಹಾಕಿ. 10 ಸ್ಟೇಷನ್, ತಲಾ 6 ನಿಮಿಷ, ಬದಲಾಯಿಸಲು 1 ನಿಮಿಷ: ಒಂದು ಸುತ್ತಿಗೆ 70 ನಿಮಿಷ, ಹತ್ತು ಮಕ್ಕಳು. 60 ಮಕ್ಕಳಿಗೆ ಆರು ಸುತ್ತು, 7 ಗಂಟೆ. ಏಳು ಗಂಟೆ ಒಂದೇ ಸ್ಟೇಷನ್ನಿನಲ್ಲಿ ಕೂತ ಪರೀಕ್ಷಕರು ಮೊದಲ ಹುಡುಗನನ್ನೂ ಕೊನೆಯ ಹುಡುಗಿಯನ್ನೂ ಒಂದೇ ಕಣ್ಣಿನಲ್ಲಿ ನೋಡುವುದು ಸಾಧ್ಯವಿಲ್ಲ. ಎರಡು ಸಾಲು ಮಾಡಿದರೆ ಮೂರೂವರೆ ಗಂಟೆಗೆ ಮುಗಿತದೆ, ಆದರೆ ಪರೀಕ್ಷಕರು ದುಪ್ಪಟ್ಟು. ಇದಕ್ಕೆ ದಾರಿ, ಹತ್ತರಲ್ಲಿ ಆರು ಸ್ಟೇಷನ್‌ಗೆ ಮಾತ್ರ ಪರೀಕ್ಷಕರನ್ನು ಇಡುವುದು. ಉಳಿದ ನಾಲ್ಕು ಬರೆಯುವ ಸ್ಟೇಷನ್: ಡ್ರಿಪ್ ರೇಟ್ ಲೆಕ್ಕ, ಇಸಿಜಿ ಪಟ್ಟಿ, ಇನ್‌ಟೇಕ್-ಔಟ್‌ಪುಟ್ ಚಾರ್ಟ್, ತ್ಯಾಜ್ಯ ವಿಂಗಡಣೆ. ಆಗ ಎರಡು ಸಾಲಿಗೆ 12 ಜನ ಸಾಕು.

ಎಡವುವ ಜಾಗಗಳು:

ಚೆಕ್‌ಲಿಸ್ಟ್ 30 ಅಂಶದ್ದಾದರೆ ಪರೀಕ್ಷಕರ ಕಣ್ಣು ಹಾಳೆಯ ಮೇಲೆ, ವಿದ್ಯಾರ್ಥಿಯ ಕೈ ಕಡೆ ಯಾರೂ ನೋಡುವುದಿಲ್ಲ. 12ರಿಂದ 15 ಸಾಕು. ಅದರಲ್ಲಿ ಎರಡು-ಮೂರು ಕ್ರಿಟಿಕಲ್ ಸ್ಟೆಪ್: ರೋಗಿಯ ಗುರುತು ನೋಡದಿದ್ದರೆ, ಸ್ಟೆರೈಲ್ ಕೆಟ್ಟದ್ದು ಗೊತ್ತಾಗಿಯೂ ಮುಂದುವರಿಸಿದರೆ, ಉಳಿದದ್ದು ಎಷ್ಟು ಚೆಂದ ಇದ್ದರೂ ಆ ಸ್ಟೇಷನ್ ಹೋಯ್ತು.

ಸೋಪಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಆರು ನಿಮಿಷದ ಸ್ಟೇಷನ್ನಿನಲ್ಲಿ ಒಂದು ನಿಮಿಷ ಅದಕ್ಕೇ ಹೋಗ್ತದೆ. ಹ್ಯಾಂಡ್‌ರಬ್ ಇಡಿ, 20ರಿಂದ 30 ಸೆಕೆಂಡಿಗೆ ಮುಗಿತದೆ. ಕೈ ತೊಳೆಯುವುದನ್ನು ಪರೀಕ್ಷಿಸಬೇಕಾದರೆ ಅದಕ್ಕೇ ಬೇರೆ ಸ್ಟೇಷನ್ ಮಾಡಿ.

ಹಿಂದಿನ ದಿನ ಅರ್ಧ ಗಂಟೆ ಎಲ್ಲ ಪರೀಕ್ಷಕರನ್ನು ಒಟ್ಟಿಗೆ ಕೂರಿಸಿ. ಒಬ್ಬ ಟ್ಯೂಟರ್ ಬೇಕೆಂದೇ ಮೂರು ತಪ್ಪು ಮಾಡಿ ಕ್ಯಾಥೆಟರೈಸೇಶನ್ ತೋರಿಸಲಿ, ಎಲ್ಲರೂ ಅಂಕ ಹಾಕಲಿ. 15ಕ್ಕೆ ಒಬ್ಬರು 8, ಇನ್ನೊಬ್ಬರು 13 ಕೊಟ್ಟರೆ ಜಗಳ ಅಲ್ಲೇ ಮುಗಿಯಲಿ. ಈ ಅರ್ಧ ಗಂಟೆ ಬಿಟ್ಟು ನಡೆಸಿದ ಆಸ್ಕಿ, ಹಳೇ ಪ್ರಾಕ್ಟಿಕಲ್ ಪರೀಕ್ಷೆಗೆ ಗಂಟೆ ಕಟ್ಟಿದಂತೆ ಅಷ್ಟೆ.

ಪ್ರಶ್ನೆ ಹೊರಗೆ ಹೋಗುವುದು ಶೌಚಾಲಯದ ಹತ್ತಿರ. ಮುಗಿಸಿದವರೂ ಕಾಯುವವರೂ ಬೇರೆ ಬೇರೆ ಮಹಡಿಯಲ್ಲಿರಲಿ, ಪ್ರತಿ ಸುತ್ತಿಗೆ ಡೋಸ್ ಅಂಕಿ ಬದಲಿಸಿ.

ಒಂದು ಸ್ಟೇಷನ್ ಮಾತ್ರ ಯಾವ ವರ್ಷವೂ ಬಿಡಬೇಡಿ: ಇನ್ಸುಲಿನ್. ನಮ್ಮಲ್ಲಿ ಮಿಲಿಗೆ 40 ಯೂನಿಟ್‌ನ ವಯಲ್ಲೂ ಇದೆ, 100ರದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ವಯಲ್ಲಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಹೋಗುವುದು 25 ಯೂನಿಟ್. ಎರಡೂ ವಯಲ್, ಎರಡೂ ಸಿರಿಂಜ್ ಟ್ರೇಯಲ್ಲಿಟ್ಟು ಆರಿಸಲು ಬಿಡಿ. ಲ್ಯಾಬಿನಲ್ಲಿ ಒಂದೇ ಬಗೆ ಇಟ್ಟುಕೊಂಡು ಕಲಿಸಿದರೆ ಈ ತಪ್ಪು ಕಣ್ಣಿಗೆ ಬೀಳುವುದು ವಾರ್ಡಿನಲ್ಲಿ, ಅದೂ ಶುಗರ್ ಇಳಿದ ಮೇಲೆ.

ವಾರ್ಡ್ ಇನ್‌ಚಾರ್ಜ್

ಇನ್ಸುಲಿನ್ ವಿಷಯ ನೂರಕ್ಕೆ ನೂರು ಸರಿ. ಇನ್ನೊಂದು, ಫೀವರ್ ಕೇಸ್. ಡೆಂಗಿ, ಮಲೇರಿಯಾ, ಇಲಿಜ್ವರ ನಮ್ಮಲ್ಲಿ ಮಳೆಯ ಹಿಂದೆ ಬರ್ತದೆ. ಮೆಡಿಕಲ್ ವಾರ್ಡ್ ಪೋಸ್ಟಿಂಗ್ ಜನವರಿಗೆ ಬಿದ್ದ ಗುಂಪು ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಜಾಸ್ತಿ ಎಚ್ಚರ ಬೇಕು ಅನ್ನುವುದನ್ನು ಪುಸ್ತಕದಲ್ಲಿ ಮಾತ್ರ ಓದ್ತದೆ. ಆರು ಗುಂಪಿಗೂ ಮಳೆಗಾಲದ ಎರಡು ವಾರವಾದರೂ ಮೆಡಿಕಲ್ ವಾರ್ಡ್ ಸಿಗುವ ಹಾಗೆ ರೊಟೇಶನ್ ಹಾಕಿ.

ದೇರಳಕಟ್ಟೆ ಪಿಜಿ

ಭಾಷೆಯ ಮಾತು ಯಾರೂ ಎತ್ತಲಿಲ್ಲ. ಇಲ್ಲಿನ ತರಗತಿಗಳಲ್ಲಿ ಕೇರಳದ ಮಕ್ಕಳು ತುಂಬಾ ಇದ್ದಾರೆ. ಪಾಠ ಇಂಗ್ಲಿಷ್, ರೋಗಿ ತುಳು ಅಥವಾ ಬ್ಯಾರಿ, ಫಾರಂ ಕನ್ನಡ. ಮೊದಲ ಸೆಮಿಸ್ಟರ್‌ನಲ್ಲಿ ಹಿಸ್ಟರಿ ತೆಗೆಯಲು ಹೋದ ವಿದ್ಯಾರ್ಥಿ ಕೇಸ್ ಶೀಟಿನಿಂದ ನಕಲು ಮಾಡಿ ಬರ್ತಾರೆ. ಅದು ಸೋಮಾರಿತನ ಅಲ್ಲ, ಮಾತು ಬಾರದ್ದು. ತುಳು ಬರುವವರನ್ನೂ ಬಾರದವರನ್ನೂ ಜೋಡಿ ಹಾಕುವುದು ಸುಲಭದ ದಾರಿ, ಆದರೆ ತುಳು ಬರುವವರು ದುಭಾಷಿಯಾಗಿಯೇ ಉಳಿದುಬಿಡ್ತಾರೆ. ಅವರಿಗೂ ಅವರದ್ದೇ ರೋಗಿ ಇರಬೇಕು. ನೋವು, ಉಸಿರು, ಊಟ, ಮಲ-ಮೂತ್ರ, ನಿದ್ದೆ, ಔಷಧದ ಅಲರ್ಜಿ, ಇಷ್ಟಕ್ಕೆ ಬೇಕಾದ, ರೋಗಿಯ ಭಾಷೆಯದ್ದೇ 30-40 ಪ್ರಶ್ನೆಗಳನ್ನು ಮಲಯಾಳಂ ಲಿಪಿಯಲ್ಲಿ ಬರೆದ ಜೇಬಿನ ಕಾರ್ಡ್ ಮೊದಲ ತಿಂಗಳಲ್ಲೇ ಕೊಡಿ. ಹೆರಿಗೆ ವಾರ್ಡಿನಲ್ಲಿ, ಮಾನಸಿಕ ವಿಭಾಗದಲ್ಲಿ ಗಂಡನನ್ನೋ ಅತ್ತೆಯನ್ನೋ ನಡುವೆ ಇಟ್ಟುಕೊಂಡು ಪ್ರಶ್ನೆ ಕೇಳಲು ಬಿಡಬೇಡಿ. ಅಲ್ಲಿ ಸಿಗುವುದು ಅವರ ಉತ್ತರ, ರೋಗಿಯದ್ದಲ್ಲ.

ಹಂಪನಕಟ್ಟೆ

ಸಂಬಳ ಬೇಡ ಅಂದಿರಿ, ಆದರೂ ಒಂದು ಸಾಲು. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆ ಏಳನೇ ವೇತನ ಆಯೋಗದ ಲೆವೆಲ್ 7, ಮೂಲ ವೇತನವೇ 44,900. ಅದಕ್ಕೆ ಬಿಎಸ್ಸಿ ಸಾಕು. ಎಂಎಸ್ಸಿ ಮುಗಿಸಿ ಖಾಸಗಿ ಕಾಲೇಜಿನಲ್ಲಿ ಟ್ಯೂಟರ್ ಆದವರು ಸ್ಟಾಫ್ ರೂಮಿನಲ್ಲಿ ನಾರ್ಸೆಟ್ (ಏಮ್ಸ್ ನರ್ಸಿಂಗ್ ನೇಮಕಾತಿ ಪರೀಕ್ಷೆ) ಪುಸ್ತಕವನ್ನೋ ಜರ್ಮನ್ ಭಾಷೆಯ ಬಿ2 ಮಟ್ಟದ ಪುಸ್ತಕವನ್ನೋ ಓದುತ್ತಾ ಕೂತರೆ ಯಾರನ್ನು ಬೈಯುವುದು ಮಾರಾಯ್ರೆ? ಮೂರು ವರ್ಷ ಅನುಭವ ಆಗಿ ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಹೊತ್ತಿಗೇ ಹೋಗ್ತಾರೆ.

ರೊಟೇಶನ್ ಪ್ಲ್ಯಾನ್ (ಮಂಗಳೂರು)

ಒಪ್ಪಿದೆ. ಹೋಗುವವರು ಸೆಮಿಸ್ಟರ್ ನಡುವೆ ಹೋಗದ ಹಾಗೆ ನೋಟಿಸ್ ಅವಧಿಯನ್ನು ಸೆಮಿಸ್ಟರ್ ಕೊನೆಗೆ ಜೋಡಿಸುವುದು ಕಾಲೇಜಿನ ಕೈಯಲ್ಲೇ ಉಂಟು. ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುವುದು ಉಪಾಯ ಅಲ್ಲ, ಅನ್ಯಾಯ.

ದೇರಳಕಟ್ಟೆ ಪಿಜಿ

ಪಿಜಿ ಗೈಡ್‌ಗಳಿಗೆ ಒಂದು ಎಚ್ಚರಿಕೆ. ಎಂಎಸ್ಸಿ ಪ್ರಬಂಧದಲ್ಲಿ ಯೋಗ, ಮಸಾಜ್, ಬೆಚ್ಚಗಿನ ಶಾಖ, ಏನೇ ಕೊಟ್ಟು ಪರಿಣಾಮ ಅಳೆಯುವುದಿದ್ದರೂ ಅದು ಟ್ರಯಲ್. ಸಿಟಿಆರ್‌ಐ (ದೇಶದ ಟ್ರಯಲ್ ನೋಂದಣಿ ವ್ಯವಸ್ಥೆ) 2018ರ ಏಪ್ರಿಲ್ 1ರಿಂದ ಮುಂಚಿತ ನೋಂದಣಿಯನ್ನು ಮಾತ್ರ ತಗೊಳ್ತದೆ. ಮೊದಲ ರೋಗಿಯನ್ನು ಸೇರಿಸಿದ ಮೇಲೆ ಅರ್ಜಿ ಹಾಕಿದರೆ ಮುಗಿಯಿತು, ಒಳ್ಳೆಯ ಪತ್ರಿಕೆಯಲ್ಲಿ ಆ ಕೆಲಸ ಅಚ್ಚಾಗುವುದು ಕಷ್ಟ. ಎಥಿಕ್ಸ್ ಒಪ್ಪಿಗೆ, ಆಮೇಲೆ ಸಿಟಿಆರ್‌ಐ ನಂಬರ್, ಆಮೇಲೆಯೇ ಮೊದಲ ರೋಗಿ. ಯುಜಿಸಿ-ಕೇರ್ ಪಟ್ಟಿ (ಯುಜಿಸಿ ಒಪ್ಪಿದ ಪತ್ರಿಕೆಗಳದ್ದು) 2025ರ ಫೆಬ್ರವರಿಯಲ್ಲಿ ನಿಂತದ್ದರಿಂದ ಪ್ರಮೋಶನ್‌ಗೆ ಲೇಖನ ಕಳಿಸುವವರು ಪತ್ರಿಕೆ ಎಂಥದ್ದು ಅಂತ ಈಗ ತಾವೇ ನೋಡಬೇಕು. ಮೂರು ದಿನದಲ್ಲಿ ಒಪ್ಪಿಗೆ, ಕೂಡಲೇ ದುಡ್ಡು ಅಂತ ಮೇಲ್ ಬಂದರೆ ಆ ಕಡೆ ತಿರುಗಿಯೂ ನೋಡಬೇಡಿ.

ಉಡುಪಿ ಸ್ಕಿಲ್‌ಲ್ಯಾಬ್

ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೂ ಇದೇ ಕೊರತೆ. ಎರಡು ವರ್ಷದ ರೆಸಿಡೆನ್ಸಿ, ಬಿಎಸ್ಸಿಯ ಮೇಲೆ ಒಂದು ವರ್ಷ ಅನುಭವ ಇದ್ದವರು ಬರುವುದು. ಅವರಲ್ಲಿ ಕೆಲವರು ವೆಂಟಿಲೇಟರ್ ಬಗ್ಗೆ ಬೋಧಕರಿಗಿಂತ ಹೆಚ್ಚು ತಿಳಿದಿರ್ತಾರೆ. ವರ್ಷಗಟ್ಟಲೆ ತರಗತಿಯಲ್ಲೇ ಇದ್ದವರು ಅವರ ಎದುರು ಎಬಿಜಿ (ರಕ್ತದ ಆಮ್ಲಜನಕ, ಆಮ್ಲೀಯತೆಯ ವರದಿ) ಓದಲು ಹಿಂಜರಿದರೆ ಆಶ್ಚರ್ಯ ಇಲ್ಲ. ಬೋಧಕರಿಗೆ ತಿಂಗಳಿಗೆ ಎರಡು ಪಾಳಿ ಐಸಿಯುವಿನಲ್ಲಿ ರೋಗಿ ಹಂಚಿ ಕೊಡಬೇಕು. ಪಕ್ಕದಲ್ಲಿ ನಿಂತು ನೋಡುವ ಪಾಳಿ ಬೇಡ, ಚಾರ್ಟಿಗೆ ಅವರೇ ಸಹಿ ಹಾಕುವಂಥದ್ದು ಬೇಕು. ಕಾಲೇಜು ಮತ್ತು ಆಸ್ಪತ್ರೆ ಒಂದೇ ಸಂಸ್ಥೆಯದ್ದಾದರೆ ಇದಕ್ಕೆ ಒಂದು ಆಂತರಿಕ ಆದೇಶ ಸಾಕು.

ಕರಾವಳಿ ಟ್ಯೂಟರ್

ಮೇಡಂ, ಆ ಎರಡು ಪಾಳಿ ಇರುವ 40 ಗಂಟೆಯ ಒಳಗೆ ಬರಬೇಕು. ಮೇಲಿಂದ ಹೇರಿದರೆ ಮೊದಲ ತಿಂಗಳು ಹೋಗ್ತಾರೆ, ಎರಡನೇ ತಿಂಗಳು ಸಹಿ ಮಾತ್ರ ಹೋಗ್ತದೆ.

ಐಸಿಯು ನೈಟ್

ಮೇಲಿನ ರಾತ್ರಿ ಪಾಳಿಯ ಪ್ರಶ್ನೆಗೆ. ಇಂಟರ್ನ್‌ಗಳಿಗೆ ರಾತ್ರಿ ಬೋಧಕರನ್ನು ಕಳಿಸುವುದು ಆಗದ ಮಾತು, ವಾರ್ಡಿನ ಸ್ಟಾಫ್ ನರ್ಸನ್ನೇ ಪ್ರಿಸೆಪ್ಟರ್ (ಕೆಲಸದ ಜೊತೆಗೇ ಕಲಿಸುವವರು) ಮಾಡಬೇಕು. ಬಾಯಿಮಾತಿನಲ್ಲಿ "ಸ್ವಲ್ಪ ನೋಡಿಕೊಳ್ಳಿ ಸಿಸ್ಟರ್" ಅಂದರೆ ನಡೆಯುವುದಿಲ್ಲ. ಹೆಸರು ಹಾಕಿದ ಆದೇಶ ಬೇಕು. ಒಬ್ಬ ಪ್ರಿಸೆಪ್ಟರ್‌ಗೆ ಒಂದು ಪಾಳಿಯಲ್ಲಿ ಇಬ್ಬರಿಗಿಂತ ಹೆಚ್ಚು ಇಂಟರ್ನ್ ಬೇಡ. ಅರ್ಧ ದಿನದ ತರಬೇತಿಯಲ್ಲಿ ಮೂರೇ ವಿಷಯ: ಕೆಲಸ ಹೇಗೆ ಹಂಚುವುದು, ರೋಗಿಯ ಎದುರು ಬೈಯದೆ ಹೇಗೆ ತಿದ್ದುವುದು, ಎಂಟು ಸಾಲಿನ ಮೌಲ್ಯಮಾಪನ ಫಾರಂ ಹೇಗೆ ತುಂಬುವುದು. ಫಾರಂ ಎರಡು ಪುಟ ದಾಟಿದರೆ ರಾತ್ರಿ ಮೂರು ಗಂಟೆಗೆ ಯಾರೂ ತುಂಬುವುದಿಲ್ಲ, ಬೆಳಿಗ್ಗೆ ಎಲ್ಲರಿಗೂ "ಉತ್ತಮ".

ಬೋಧಕರು ವಾರಕ್ಕೆ ಒಂದು ದಿನ ಬೆಳಿಗ್ಗೆ 7ಕ್ಕೆ ಬಂದು ನೈಟ್ ಹ್ಯಾಂಡ್‌ಓವರ್ ಹೊತ್ತಿನಲ್ಲಿ ಇಂಟರ್ನ್‌ಗೂ ಪ್ರಿಸೆಪ್ಟರ್‌ಗೂ ಸಿಗಬೇಕು, 20 ನಿಮಿಷ ಸಾಕು. ಪ್ರಿಸೆಪ್ಟರ್‌ಗೆ ದುಡ್ಡು ಕೊಡಲು ಆಗದಿದ್ದರೆ ಕೌನ್ಸಿಲ್ ನೋಂದಣಿ ನವೀಕರಣಕ್ಕೆ ಬೇಕಾದ ಸಿಎನ್‌ಇ (ಕೆಲಸಕ್ಕೆ ಸೇರಿದ ಮೇಲಿನ ನರ್ಸಿಂಗ್ ಶಿಕ್ಷಣ) ಗಂಟೆಯನ್ನಾದರೂ ಆ ತರಬೇತಿಗೆ ಕೊಡಿಸಿ. ಅರ್ಜಿಯನ್ನು ತರಬೇತಿಗೆ ಮೊದಲೇ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಕಳಿಸಬೇಕು, ಮುಗಿದ ಮೇಲೆ ಕಳಿಸಿದರೆ ಪ್ರಯೋಜನ ಇಲ್ಲ.

ವಾರ್ಡ್ ಇನ್‌ಚಾರ್ಜ್

ಇಬ್ಬರು ಅಂದಿರಲ್ಲ, ಐಸಿಯುವಿನಲ್ಲಿ ಒಬ್ಬರೇ ಇರಲಿ. ಮತ್ತೆ, ಇಂಟರ್ನ್‌ಗಳನ್ನು ಡ್ಯೂಟಿ ರೋಸ್ಟರ್‌ನಲ್ಲಿ ಸ್ಟಾಫ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಆ ಆದೇಶದಲ್ಲೇ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ರಜೆ ಜಾಸ್ತಿ ಇರುವ ಹಬ್ಬದ ವಾರದಲ್ಲಿ ಪ್ರಿಸೆಪ್ಟರ್ ಇರುವುದಿಲ್ಲ, ಇಂಟರ್ನ್ ಮಾತ್ರ ಇರ್ತಾರೆ.